ಸಸ್ಪೆನ್ಸ್ ಖಾತೆಯಲ್ಲಿ ಉಳಿದಿದ್ದ ಭಯ

ನಾನು 17 ವರ್ಷ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದೆ. ಆ ಕೆಲಸದಲ್ಲಿ ಸಸ್ಪೆನ್ಸ್ ಖಾತೆ ಎಂಬುದೊಂದಿದೆ. ಬಂದ ಹಣ ಯಾವ ಬಾಬ್ತಿನದೆಂದು ತಿಳಿಯದಿದ್ದಾಗ, ಅಥವಾ ಎಲ್ಲ ಖಾತೆಗಳ ಖರ್ಚು-ಜಮಾ ಹೋಲಿಸಿ ನೋಡುವ ತಾಳೆಪಟ್ಟಿಯ ಎರಡು ಬದಿಗಳು ಕೂಡದಿದ್ದಾಗ, ಆ ಮೊತ್ತವನ್ನು ತಾತ್ಕಾಲಿಕವಾಗಿ ಅಲ್ಲಿರಿಸಿ, ಮೂಲ ಪತ್ತೆಯಾದ ಮೇಲೆ ಸರಿಯಾದ ಖಾತೆಗೆ ವರ್ಗಾಯಿಸಬೇಕು. ಕೆಲಸ ಬದಲಿಸಬೇಕೆಂದು ಮನಸ್ಸಿಗೆ ಬಂದ ಮೇಲೂ ನಾಲ್ಕು ವರ್ಷ ಅದೇ ಕುರ್ಚಿಯಲ್ಲಿ ಕುಳಿತಿದ್ದ ನನ್ನ ಭಯವೂ ಹೀಗೆಯೇ ಸಲ್ಲದ ಖಾತೆಯಲ್ಲಿ ಬಿದ್ದಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಆ ಕೆಲಸ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮೇಲಧಿಕಾರಿಗಳು ಸಜ್ಜನರು, ಸಂಬಳ ತಪ್ಪುತ್ತಿರಲಿಲ್ಲ, ಸಹೋದ್ಯೋಗಿಗಳೊಡನೆ ಜಗಳವಿರಲಿಲ್ಲ. ಬಿಟ್ಟು ಬರಲು ಒಂದು ಸಿಟ್ಟಾದರೂ ಇದ್ದಿದ್ದರೆ ಹಾದಿ ಸುಲಭವಾಗುತ್ತಿತ್ತೇನೋ. ತಿಂಗಳ ಕೊನೆಯ ಲೆಕ್ಕ ಮುಗಿಸಿ ಮೇಲೆದ್ದಾಗ, ಇದನ್ನು ಹೋದ ತಿಂಗಳು ಮುಗಿಸಿದೆನೋ ಈ ತಿಂಗಳೋ ಎಂಬ ಗೊಂದಲವಾಗುತ್ತಿತ್ತು. ಹೊಸದೇನನ್ನೂ ಕಲಿಯದೆ ಐದಾರು ವರ್ಷಗಳೇ ಕಳೆದಿದ್ದವು. ಮಗಳ ಸಮವಸ್ತ್ರದ ಬಿಚ್ಚಿಹೋದ ಹೊಲಿಗೆ ಹಾಕಲು ಕುಳಿತು, ಕ್ರಮೇಣ ಹಳೆಯ ಅಂಗಿಗಳನ್ನು ಬಿಚ್ಚಿ ಮರಳಿ ಜೋಡಿಸುವುದರಲ್ಲಿ ರಾತ್ರಿಗಳನ್ನು ಕಳೆಯತೊಡಗಿದಾಗ ಮಾತ್ರ, ಗಡಿಯಾರ ನೋಡುವುದನ್ನು ನಾನು ಮರೆಯುತ್ತಿದ್ದೆ.

ಹೊಲಿಗೆಯನ್ನೇ ವೃತ್ತಿಯಾಗಿಸಿಕೊಳ್ಳುವ ಯೋಚನೆ ಬಂದ ಕೂಡಲೇ ಎದ್ದ ಮೊದಲ ಆಕ್ಷೇಪ, 13 ವರ್ಷ ವ್ಯರ್ಥವಾಗುವುದಲ್ಲ ಎಂಬುದು. ಇದರಲ್ಲಿನ ಹಾಸ್ಯವನ್ನು ಲೆಕ್ಕಿಗರು ಬಲ್ಲರು. ಮಾಡಿ ಮುಗಿದ, ಮರಳಿ ಬಾರದ ಖರ್ಚನ್ನು ಮುಂದಿನ ನಿರ್ಧಾರದಲ್ಲಿ ಪರಿಗಣಿಸಬಾರದು ಎಂಬುದು ವೆಚ್ಚದ ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಅದಕ್ಕೆ ಮುಳುಗಿದ ವೆಚ್ಚ ಎಂದು ಹೆಸರು. ಹಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಟಕಗಳ ಇಡೀ ಋತುವಿನ ಟಿಕೆಟನ್ನು ಪೂರ್ಣ ಬೆಲೆಗೆ ಕೊಂಡವರು, ಅದನ್ನೇ ರಿಯಾಯಿತಿಯಲ್ಲಿ ಪಡೆದವರಿಗಿಂತ ಋತುವಿನ ಮೊದಲರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋಗಿದ್ದರು. ಯಾರಿಗೆ ಯಾವ ಬೆಲೆ ಎಂಬುದು ಕೇವಲ ಆಕಸ್ಮಿಕವಾಗಿದ್ದರೂ, ಹೆಚ್ಚು ಕೊಟ್ಟವರನ್ನು ಕೊಟ್ಟ ಹಣವೇ ಎಳೆದು ತಂದಿತ್ತು. ಇದನ್ನು ಓದಿ ನಕ್ಕ ನಾನು, ಮರುದಿನ ಬೆಳಿಗ್ಗೆ ನನ್ನ ಹದಿನಾಲ್ಕನೆಯ ವರ್ಷದ ನಾಟಕಕ್ಕೆ ಹೊರಟೆ.

ಎರಡನೆಯ ಆಕ್ಷೇಪ ಹಣದ್ದು. ಇದನ್ನು ನಾನು ನನಗೆ ಗೊತ್ತಿದ್ದ ವಿಧಾನದಲ್ಲೇ ಎದುರಿಸಿದೆ. ಹಿಂದಿನ ಎರಡು ವರ್ಷಗಳ ಮನೆಯ ಖರ್ಚನ್ನೆಲ್ಲ ತೆಗೆದು, ತಪ್ಪಿಸಲಾಗದ್ದು, ಮುಂದೂಡಬಹುದಾದದ್ದು, ಬಿಟ್ಟರೂ ನಡೆಯುವಂಥದ್ದು ಎಂದು ಮೂರು ಪಟ್ಟಿ ಮಾಡಿದೆ. ಮೊದಲ ಪಟ್ಟಿಯ 12 ತಿಂಗಳ ಮೊತ್ತವನ್ನು ಬೇರೆ ಖಾತೆಯಲ್ಲಿ ಕೂಡಿಡಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಮೊತ್ತ ಪೂರ್ತಿಯಾದ ದಿನ ಧೈರ್ಯ ತಾನಾಗಿ ಬಂದೀತೆಂದು ನಂಬಿದ್ದೆ, ಬರಲಿಲ್ಲ. ಆಗ 15 ತಿಂಗಳದ್ದಾದರೆ ಒಳ್ಳೆಯದು ಎನಿಸಿತು, ಅದು ಆಗುವ ಹೊತ್ತಿಗೆ 18 ಎನಿಸಿತು. ಒಂದು ರಾತ್ರಿ ನನ್ನ ಹೆಂಡತಿ ಪಟ್ಟಿಯನ್ನು ನೋಡಿ, “ದುಡ್ಡಿನ ಲೆಕ್ಕ ಸರಿಯಾಗೇ ಇದೆಯಲ್ಲ, ಮತ್ತೆ ಯಾವುದಕ್ಕೆ ಹೆದರುತ್ತಿದ್ದೀರಿ?” ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಹೊಲಿಗೆಯ ಒಂದು ಸಂಜೆ ತರಗತಿಯಲ್ಲಿ. ಅಲ್ಲಿಗೆ ನನ್ನನ್ನು ಸೇರಿಸಿದವರು ಆಪ್ತರಲ್ಲ. ಹಿಂದೆಂದೋ ಜೊತೆಯಲ್ಲಿ ಕೆಲಸ ಮಾಡಿ, ವರ್ಷಕ್ಕೊಮ್ಮೆ ಮಾತಾಡುವಷ್ಟೇ ಪರಿಚಯ ಉಳಿಸಿಕೊಂಡಿದ್ದ ಒಬ್ಬರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಲೇಖನದಲ್ಲಿ, ಪರಿಚಯದ ಮೂಲಕ ಕೆಲಸ ಪಡೆದವರಲ್ಲಿ ಶೇ 16.7ರಷ್ಟು ಮಂದಿಗೆ ಮಾತ್ರ ಆ ಪರಿಚಿತರು ಪದೇ ಪದೇ ಭೇಟಿಯಾಗುವವರಾಗಿದ್ದರು ಎಂದು ತೋರಿಸಿದ್ದಾರೆ. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದವರಿಂದಲೇ ಬರಬೇಕು.

ಆ ಸಂಜೆ ನಾನು ಮೊದಲ ಬಾರಿಗೆ ಅಂಗಿಯ ತೋಳುಗಳನ್ನು ಕತ್ತರಿಸಿದ್ದೆ. ತೋಳಿನ ಮೇಲ್ಭಾಗದ ಬಾಗು ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಇರುತ್ತದೆ. ಬಟ್ಟೆಯನ್ನು ಮಡಿಚಿ ಎರಡು ಪದರವಾಗಿ ಕತ್ತರಿಸಿದರೆ ಎಡ ಬಲ ತಾವಾಗಿಯೇ ಸಿಗುತ್ತವೆ. ಒಂದೇ ಪದರದಲ್ಲಿ ಕತ್ತರಿಸುವುದಾದರೆ ಎರಡನೆಯ ಸಲ ಮಾದರಿ ಕಾಗದವನ್ನು ತಿರುಗಿಸಿ ಇಡಬೇಕು. ನಾನು ತಿರುಗಿಸಿರಲಿಲ್ಲ. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಶಿಕ್ಷಕಿ ತುಂಡುಗಳನ್ನು ಎತ್ತಿ ನೋಡಿ, “ಸರ್, ಎರಡೂ ಬಲಗೈಯೇ ಆಯ್ತಲ್ಲ” ಎಂದು ಸಹಜವಾಗಿ ಹೇಳಿ ಮುಂದೆ ಹೋದಳು. ನನ್ನ ಕಿವಿ ಬಿಸಿಯಾಯಿತು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿ, ಬಟ್ಟೆಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದೆ. ರಾಜೀನಾಮೆಯ ಪತ್ರ ಬರೆಯಲು ಕುಳಿತಾಗಲೆಲ್ಲ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟವೂ ಇದೇ ಎಂಬುದು ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ. ಕಚೇರಿಯಲ್ಲಿ ಯಾವ ಲೆಕ್ಕ ಕೂಡದಿದ್ದರೂ ಎಲ್ಲರೂ ನನ್ನ ಮೇಜಿನ ಬಳಿ ಬರುತ್ತಿದ್ದರು. ಅಂಥ ನಾನು 38ನೆಯ ವಯಸ್ಸಿನಲ್ಲಿ ಏನೂ ಬಾರದವನಾಗುವುದಕ್ಕೆ ಹೆದರುತ್ತಿದ್ದೆ. ಅದನ್ನು ಹಣದ ಖಾತೆಯಲ್ಲಿ ಬರೆದುಕೊಂಡಿದ್ದರಿಂದಲೇ ಎಷ್ಟು ಹಣ ಕೂಡಿಟ್ಟರೂ ಅದು ತೀರುತ್ತಿರಲಿಲ್ಲ.

ಖಾತೆ ಬದಲಾದ ಮೇಲೆ ಪರಿಹಾರವೂ ಬದಲಾಯಿತು. ಉಳಿತಾಯ ಹೆಚ್ಚಿಸುವುದನ್ನು ನಿಲ್ಲಿಸಿ, ಸಂಬಳ ಬರುತ್ತಿರುವಾಗಲೇ ಸಾಧ್ಯವಾದಷ್ಟು ಕಾಲ ಹೊಸಬನಾಗಿ ಇರಲು ಅಭ್ಯಾಸ ಮಾಡಿಕೊಂಡೆ. ವಾರಕ್ಕೆ ಮೂರು ಸಂಜೆಯಂತೆ ಒಂದೂವರೆ ವರ್ಷ ಕಲಿತೆ, ಮತ್ತು ಪ್ರತಿ ವಾರ ಹೊಲಿದದ್ದರಲ್ಲಿ ಒಂದನ್ನಾದರೂ, ಅದು ಎಷ್ಟೇ ಕೆಟ್ಟಿರಲಿ, ಕೆಲಸ ಬಲ್ಲವರೊಬ್ಬರ ಕೈಗೆ ಕೊಟ್ಟು ತಪ್ಪು ಹೇಳಿಸಿಕೊಂಡೆ. ಮೊದಲ ಹತ್ತು ವಾರ ಅದು ಯಾತನೆಯೇ ಆಗಿತ್ತು. ಆಮೇಲೆ ಕಿವಿ ಬಿಸಿಯಾಗುವುದು ನಿಂತಿತೆಂದಲ್ಲ, ಬಿಸಿಯಾದಾಗಲೂ ಕತ್ತರಿ ಹಿಡಿದ ಕೈ ನಿಲ್ಲುತ್ತಿರಲಿಲ್ಲ. ಇದ್ದ ಕೆಲಸ ಇಟ್ಟುಕೊಂಡೇ ಸ್ವಂತ ಉದ್ಯಮ ಆರಂಭಿಸಿ ಅನಂತರ ಪೂರ್ಣಾವಧಿಗೆ ಬಂದವರು, ಒಮ್ಮೆಗೇ ಧುಮುಕಿದವರಿಗಿಂತ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಪ್ರಮಾಣದಲ್ಲಿ ವಿಫಲರಾಗುತ್ತಾರೆಂದು ಸಂಶೋಧಕರಾದ ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ವರದಿ ಮಾಡಿದ್ದಾರೆ. ಒಂದೇ ಏಟಿಗೆ ರಾಜೀನಾಮೆ ಬಿಸಾಡಿದವರ ಕಥೆಗಳು ಕೇಳಲು ಚೆನ್ನಾಗಿರುತ್ತವೆ. ಮನೆಯಲ್ಲಿ ನನ್ನ ಸಂಬಳವನ್ನೇ ನಂಬಿದ ಮೂವರಿದ್ದ ನನಗೆ ಅವು ಉಪಯೋಗಕ್ಕೆ ಬರಲಿಲ್ಲ.

ರಾಜೀನಾಮೆ ಕೊಟ್ಟ ದಿನದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಅಷ್ಟು ಹೊತ್ತಿಗೆ ನನ್ನ ಬಳಿ ಮತ್ತೆ ಮತ್ತೆ ಬಟ್ಟೆ ತರುವ ಹನ್ನೊಂದು ಮಂದಿ ಇದ್ದರು, ಪತ್ರವೂ ನಾಲ್ಕು ಸಾಲಿನಲ್ಲಿ ಮುಗಿಯಿತು. ಮೊದಲ ವರ್ಷ ಕೂಡಿಟ್ಟ ಹಣದಲ್ಲಿ ಏಳು ತಿಂಗಳಷ್ಟು ಕರಗಿತು. ಎರಡನೆಯ ವರ್ಷದ ಆದಾಯ ಹಳೆಯ ಸಂಬಳದ ಮೂರನೆಯ ಎರಡು ಭಾಗಕ್ಕೆ ಬಂದು ನಿಂತಿದೆ. ಕೋಟಿನ ಕೊರಳಪಟ್ಟಿ ಇನ್ನೂ ನನ್ನ ಕೈಗೆ ಒಗ್ಗಿಲ್ಲ. ಅದನ್ನು ಕಲಿಯಲು ವಾರಕ್ಕೆ ಎರಡು ಸಂಜೆ ಒಬ್ಬ ಹಿರಿಯರ ಬಳಿ ಹೋಗುತ್ತಿದ್ದೇನೆ. ಹೋದ ವಾರ ಕೂರಿಸಿದ್ದನ್ನು ಅವರು ಮೂರು ಸಲ ಬಿಚ್ಚಿಸಿದರು.