ಅಜ್ಜಿಯ ಕೈಯೊಳಗಿನ ಕೈ

ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ಹಳೇ ಮನೆಯ ಅಟ್ಟದಿಂದ ಇಳಿಸಿದ ಆಲ್ಬಮ್‌ನಲ್ಲಿ ಅಜ್ಜಿಯ ಮದುವೆ ಫೋಟೋ ಇದೆ. ಚಪ್ಪರದ ಮುಂದೆ ಅಜ್ಜ, ಅಜ್ಜಿ. ಅಜ್ಜಿಯ ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ. ಪಾಪ, ಇಷ್ಟ ಇಲ್ಲದ ಮದುವೆ ಇರಬೇಕು ಅಂತ ಮನೆಯಲ್ಲಿ ಎಲ್ಲರ ಮಾತು. ನಾನೂ ನಂಬಿದ್ದೆ.

ಊರಿನ ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡಲು ಶುರು ಮಾಡಿದ ಮೇಲೆ ನಾನು ಮುಖವನ್ನು ಕೊನೆಗೆ ನೋಡುತ್ತೇನೆ. ಮೊದಲು ಹಿಂಬದಿ. ಅಲ್ಲಿ ಪೆನ್ಸಿಲಿನಲ್ಲಿ 1957 ಎಂದಿದೆ, ಮಂಗಳೂರಿನ ಸ್ಟುಡಿಯೋದ ಠಸ್ಸೆ ಇದೆ. ಹಿಂದಿನ ವರ್ಷ ನವೆಂಬರ್ 1ಕ್ಕೆ ನಾವು ಕೇರಳಕ್ಕೆ, ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಫೋಟೋ ತೆಗೆಯಲು ಮಾತ್ರ ಮಂಗಳೂರಿನವರೇ ಬಂದಿದ್ದಾರೆ.

ಆಮೇಲೆ ನೆಲ. ಭೂತಗನ್ನಡಿ ಹಿಡಿದರೆ ಫೋಟೋದ ಕೆಳತುದಿಯಲ್ಲಿ ಒಂದು ತಲೆಯ ನೆರಳು ಕಾಣುತ್ತದೆ. ಕ್ಯಾಮೆರಾದ ಮೇಲೆ ಬಗ್ಗಿದ ಫೋಟೋಗ್ರಾಫರ್‌ನದು. ಸೂರ್ಯ ಅವರ ಬೆನ್ನಿಗೆ, ಅಂದರೆ ಓರೆ ಬಿಸಿಲು ನೇರ ಅಜ್ಜಿಯ ಕಣ್ಣಿಗೆ! ಮಳೆಗಾಲಕ್ಕೆ ಮೊದಲಿನ ನಮ್ಮ ಕಡೆಯ ಬಿಸಿಲಿಗೆ ಮುಖ ಕೊಟ್ಟು ನಿಂತರೆ ಯಾರ ಹುಬ್ಬು ತಾನೇ ನೆಟ್ಟಗಿರುತ್ತದೆ?

ತುಟಿ ಬಿಗಿದದ್ದಕ್ಕೂ ಕಾರಣ ಇದೆ. ಆಗಿನ ‘120’ ಫಿಲ್ಮ್ ರೋಲಿನಲ್ಲಿ ಚೌಕದ ಫೋಟೋ ಸಿಗುತ್ತಿದ್ದದ್ದು ಬರೇ 12. ಒಂದು ಹಾಳಾದರೂ ನಷ್ಟ. ‘ಅಲ್ಲಾಡಬೇಡಿ’ ಎಂದರೆ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹಿರಿಯರ ಮುಂದೆ ಮದುಮಗಳು ಹಲ್ಲು ಬಿಟ್ಟು ನಗುವ ಕಾಲವೂ ಅದಲ್ಲ.

ನಾನು ಜಾಸ್ತಿ ಹೊತ್ತು ನೋಡುವುದು ಕೈಗಳನ್ನು. ಫೋಟೋಗೆ ಅಂತ ಮುಖ ಸರಿಮಾಡಿಕೊಳ್ಳುತ್ತೇವೆ, ಕೈ ನೆನಪಿರುವುದಿಲ್ಲ ಅಲ್ವಾ? ಅಜ್ಜಿಯ ಎಡಗೈ ಸೀರೆಯ ನೆರಿಗೆಯ ಪಕ್ಕ ಕೆಳಗಿಳಿದಿತ್ತು. 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದೆ. ಆ ಕೈಯೊಳಗೆ ಇನ್ನೊಂದು ಪುಟ್ಟ ಕೈ! ಮಗು ತಲೆ ಅಲ್ಲಾಡಿಸಿದ್ದರಿಂದ ಮುಖ ಮಸುಕು. ಅರ್ಧ ಮೈ ಸೀರೆಯ ಮರೆಯಲ್ಲಿ. ಇಷ್ಟು ವರ್ಷ ಅದನ್ನು ಚಪ್ಪರದ ನೆರಳು ಅಂದುಕೊಂಡಿದ್ದೆವು. ಅಜ್ಜಿಯ ಬೆರಳುಗಳು ಮಾತ್ರ ಸ್ಪಷ್ಟ. ಗಟ್ಟಿಯಾಗಿ ಹಿಡಿದುಕೊಂಡಿವೆ.

ಪ್ರಿಂಟ್ ಹಾಕಿಸಿ ನೀರ್ಚಾಲಿನ ಚಿಕ್ಕಜ್ಜಿಗೆ ತೋರಿಸಿದೆ. ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು.

“ಇದು ಆನೇ (ನಾನೇ). ಅಕ್ಕ ಹೋವುತ್ತು ಹೇಳಿ ಗೊಂತಾತು. ಕೈ ಬಿಡ್ಲೆ ಮನಸ್ಸೇ ಇತ್ತಿಲ್ಲೆ.”

ಅಜ್ಜಿಗೂ ಮನಸ್ಸಿರಲಿಲ್ಲ ಎಂದು ಆ ಬೆರಳುಗಳು ಹೇಳುತ್ತಿದ್ದವು. ಆಲ್ಬಮ್‌ನಲ್ಲಿ ಫೋಟೋದ ಕೆಳಗೆ ಎರಡೇ ಹೆಸರಿತ್ತು. ಪೆನ್ಸಿಲಿನಿಂದ ಚಿಕ್ಕಜ್ಜಿಯ ಹೆಸರನ್ನೂ ಸೇರಿಸಿದೆ.