ಇಂಗ್ಲೆಂಡಿನ ಶಾಲೆಯಲ್ಲಿ ನಿಮ್ಮ ಮಗುವಿನ ಆರೋಗ್ಯ ತಪಾಸಣೆ

ಊರಿನಲ್ಲಿ ವೈದ್ಯರ ತಂಡ ಶಾಲೆಗೇ ಬಂದು ಕಣ್ಣು, ಹಲ್ಲು, ತೂಕ ನೋಡಿ ಹೋಗುವುದನ್ನು ಕಂಡವರು ಇಲ್ಲಿಯೂ ಹಾಗೆಯೇ ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. 1907ರ ಕಾನೂನು ಇಲ್ಲಿನ ಶಾಲಾ ಮಕ್ಕಳಿಗೆ ವೈದ್ಯಕೀಯ ತಪಾಸಣೆಯನ್ನು ತಂದಿತ್ತು. ಈಗ ಪ್ರತಿ ಮಗುವನ್ನೂ ವೈದ್ಯರು ಪೂರ್ತಿ ಪರೀಕ್ಷಿಸುವ ಪದ್ಧತಿ ಉಳಿದಿಲ್ಲ. ಕೆಲವು ಸಣ್ಣ ಪರೀಕ್ಷೆಗಳು ಮತ್ತು ಲಸಿಕೆಗಳಷ್ಟೇ ಶಾಲೆಯಲ್ಲಿ ನಡೆಯುತ್ತವೆ. ಶಾಲೆ ಏನೂ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ದಯವಿಟ್ಟು ನಿಶ್ಚಿಂತರಾಗಬೇಡಿ.

ಮನೆ ಸಿಕ್ಕ ಕೂಡಲೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಚಿಕಿತ್ಸಾಲಯದಲ್ಲಿ ಇಡೀ ಕುಟುಂಬದ ಹೆಸರು ನೋಂದಾಯಿಸಿ. ವಿಳಾಸದ ಪುರಾವೆ ಇಲ್ಲವೆಂದು ಅವರು ನಿಮ್ಮನ್ನು ವಾಪಸು ಕಳಿಸುವಂತಿಲ್ಲ. ತಾಯಿ ಕಾರ್ಡ್ ಅಥವಾ ಲಸಿಕೆಯ ಪುಸ್ತಕವನ್ನು ತಪ್ಪದೆ ಒಯ್ಯಿರಿ. ನಮ್ಮ ಸರ್ಕಾರಿ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಇಲ್ಲಿ ಕೊಡುವ ಲಸಿಕೆಯಲ್ಲಿ ಮಂಗನಬಾವಿನ ರಕ್ಷಣೆಯೂ ಸೇರಿದೆ. ಹಾಗಾಗಿ ಊರಿನಲ್ಲಿ ಎಲ್ಲ ಲಸಿಕೆ ಮುಗಿದಿದ್ದರೂ ಇಲ್ಲಿನ ನರ್ಸ್ ಇನ್ನೂ ಕೆಲವನ್ನು ಸೂಚಿಸಬಹುದು.

ರಿಸೆಪ್ಷನ್ ತರಗತಿಯಲ್ಲಿ, ಅಂದರೆ ನಾಲ್ಕೈದು ವರ್ಷಕ್ಕೆ, ಮತ್ತೆ ಇಯರ್ 6ರಲ್ಲಿ, ಅಂದರೆ ಹತ್ತು-ಹನ್ನೊಂದು ವರ್ಷಕ್ಕೆ, ಎತ್ತರ, ತೂಕ ಅಳೆಯುತ್ತಾರೆ. ಕೋಟು, ಬೂಟು ಬಿಟ್ಟರೆ ಬೇರೆ ಬಟ್ಟೆ ಕಳಚುವುದಿಲ್ಲ. ಬೇಡವೆನ್ನುವವರು ಮೊದಲೇ ತಿಳಿಸಬೇಕು. ಸುಮ್ಮನಿದ್ದರೆ ಅದು ಒಪ್ಪಿಗೆಯೇ. ಆಮೇಲೆ ಮನೆಗೆ ಬರುವ ಪತ್ರದಲ್ಲಿ ‘ತೂಕ ಹೆಚ್ಚು’ ಎಂದು ಬರೆದಿದ್ದರೆ ಅನೇಕ ತಾಯಂದಿರು ನೊಂದುಕೊಳ್ಳುತ್ತಾರೆ. ನಿಮ್ಮ ಕೈಯಡುಗೆಯ ಮೇಲೆ ಯಾರೂ ತೀರ್ಪು ಕೊಟ್ಟಿಲ್ಲ. ಮಗುವಿನ ಎದುರು ಆ ಪತ್ರವನ್ನು ಓದಿ ಹೇಳದೆ, ಶಾಲಾ ನರ್ಸ್ ಅಥವಾ ಜಿಪಿಯೊಂದಿಗೆ ಮಾತನಾಡಿ.

ಕಣ್ಣಿನ ಪರೀಕ್ಷೆಯ ವಿಷಯದಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವ ಸಾಧ್ಯತೆ ಹೆಚ್ಚು. ಶಾಲೆಯಲ್ಲಿ ಅದು ನಡೆಯುವುದು ನಾಲ್ಕೈದು ವರ್ಷದ ಮಕ್ಕಳಿಗೆ. ಎಂಟನೇ ವಯಸ್ಸಿನಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದು ಸೇರಿದ ಮಗುವನ್ನು ಯಾರೂ ಕರೆದು ನೋಡುವುದಿಲ್ಲ. ಪೇಟೆಯ ಕನ್ನಡಕದ ಅಂಗಡಿಯಲ್ಲಿ 16 ವರ್ಷದೊಳಗಿನವರಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಪರೀಕ್ಷೆ ಉಚಿತ, ಕನ್ನಡಕಕ್ಕೂ ವೋಚರ್ ಸಿಗುತ್ತದೆ. ಹಲ್ಲಿನ ಎನ್‌ಎಚ್‌ಎಸ್ ಚಿಕಿತ್ಸೆ 18 ವರ್ಷದೊಳಗೆ ಉಚಿತ, ಆದರೆ ಹೊಸಬರನ್ನು ಸೇರಿಸಿಕೊಳ್ಳುವ ದಂತವೈದ್ಯರನ್ನು ಹುಡುಕುವುದು ಕಷ್ಟ. ನೋವು ಬರುವವರೆಗೆ ಕಾಯದೆ ಈಗಲೇ ಹುಡುಕಾಟ ಆರಂಭಿಸಿ.

ಲಸಿಕೆಗೆ ಶಾಲೆ ಒಪ್ಪಿಗೆ ಪತ್ರ ಕಳಿಸುತ್ತದೆ, ಹೆಚ್ಚಾಗಿ ಇಮೇಲ್‌ನಲ್ಲಿ. ನೀವು ಉತ್ತರಿಸದಿದ್ದರೆ ಮಗುವಿಗೆ ಲಸಿಕೆ ತಪ್ಪಿಹೋಗಬಹುದು. ಚಳಿಗಾಲಕ್ಕೆ ಮುಂಚೆ ಬರುವ ಫ್ಲೂ ಲಸಿಕೆಯನ್ನು ಮೂಗಿಗೆ ಸಿಂಪಡಿಸುತ್ತಾರೆ. ಅದರಲ್ಲಿ ಹಂದಿಯ ಜೆಲಟಿನ್ ಇದೆ. ಸಸ್ಯಾಹಾರಿ ಮನೆಯವರು ಇದು ತಿಳಿದ ಕೂಡಲೇ ಲಸಿಕೆಯೇ ಬೇಡ ಎನ್ನುವುದುಂಟು. ಜೆಲಟಿನ್ ಇಲ್ಲದ ಚುಚ್ಚುಮದ್ದು ಇದೆ, ಅದನ್ನೇ ಕೇಳಿ. ಇಯರ್ 8ರಲ್ಲಿ (12-13 ವರ್ಷಕ್ಕೆ) ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೂ ಹುಡುಗರಿಗೂ ಕೊಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಇದು. ಸಂಕೋಚಕ್ಕೆ ಸಿಲುಕಿ ಬಿಟ್ಟುಬಿಡಬೇಡಿ. ಇಯರ್ 9ರಲ್ಲಿ (13-14 ವರ್ಷಕ್ಕೆ) ಧನುರ್ವಾಯು, ಗಂಟಲಮಾರಿ, ಪೋಲಿಯೊ ಬೂಸ್ಟರ್ ಮತ್ತು ಮೆನಿಂಜೈಟಿಸ್ ಲಸಿಕೆ ಇರುತ್ತವೆ.

ನಮ್ಮ ಮೈಬಣ್ಣದವರಿಗೆ ಇಲ್ಲಿನ ಬಿಸಿಲು ಸಾಲದು. ವರ್ಷವಿಡೀ ವಿಟಮಿನ್ ಡಿ ಕೊಡುವ ಬಗ್ಗೆ ಜಿಪಿ ಅಥವಾ ಔಷಧ ಅಂಗಡಿಯವರನ್ನು ವಿಚಾರಿಸಿ.

ವಾಂತಿ ಭೇದಿಯಾದರೆ ಅದು ನಿಂತ 48 ಗಂಟೆಗಳವರೆಗೆ ಮಗುವನ್ನು ಶಾಲೆಗೆ ಕಳಿಸುವಂತಿಲ್ಲ. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಬೇಕು. ಆಸ್ತಮಾ ಇನ್‌ಹೇಲರ್ ಇದ್ದರೆ ಶಾಲೆಗೆ ಲಿಖಿತ ಒಪ್ಪಿಗೆ ಕೊಡಿ. ಇಂಗ್ಲಿಷ್ ಕಷ್ಟವೆನಿಸುವ ಅಜ್ಜಿ, ತಾತ ಅಥವಾ ತಾಯಿ ಜಿಪಿ ಬಳಿ ಹೋಗುವಾಗ ಮಗುವನ್ನೇ ದುಭಾಷಿಯನ್ನಾಗಿ ಮಾಡಬೇಡಿ. ಸಮಯ ನಿಗದಿ ಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ. ಅದಕ್ಕೆ ನೀವು ಹಣ ಕೊಡಬೇಕಿಲ್ಲ.