ಮಳೆ ಹೊಲದ ರಾಗಿಗೆ ಅಕ್ಕಡಿ ಸಾಲು ಬಿಡುವುದು ಹೇಗೆ?

ನೀರಾವರಿ ಇದ್ದವರು ಒಂದೇ ಬೆಳೆ ಹಾಕಿಕೊಳ್ಳಲಿ. ತುಮಕೂರು ಕಡೆಯ ನಮ್ಮ ಕೆಂಪು ಮಣ್ಣಿನ ಹೊಲ ಮಳೆಯನ್ನೇ ನಂಬಿದ್ದು. ಇಂಥ ಕಡೆ ಬರೀ ರಾಗಿ ಬಿತ್ತಬೇಡಿ, ನಡುನಡುವೆ ಬೇರೆ ಬೆಳೆಯ ಸಾಲು, ಅಂದರೆ ಅಕ್ಕಡಿ ಸಾಲು, ಬಿಡಿ. ಒಂದು ಕೈಕೊಟ್ಟರೂ ಇನ್ನೊಂದು ಕೈಗೆ ಬರಬೇಕು, ಅಲ್ವಾ?

ಜುಲೈನಲ್ಲಿ ಹದ ಮಳೆ ಬಿದ್ದ ಮೇಲೆ ಕೂರಿಗೆ (ಎತ್ತು ಕಟ್ಟಿ ಸಾಲಾಗಿ ಬೀಜ ಬಿತ್ತುವ ಸಾಧನ) ಹೂಡಿ. ಎಕರೆಗೆ 4ರಿಂದ 5 ಕೆ.ಜಿ. ರಾಗಿ ಸಾಕು. ಸಾಲಿಂದ ಸಾಲಿಗೆ 1 ಅಡಿ ಇರಲಿ. 8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೇ 1 ಸಾಲು ಅವರೆ. ಅಕ್ಕಡಿ ಬೀಜಕ್ಕೆ ಬೇರೆ ಕೈ ಬೇಕು. ಕೂರಿಗೆ ಹಿಂದೆ ಹಗ್ಗಕ್ಕೆ ಬಿದಿರಿನ ಕೊಳವೆ ಕಟ್ಟಿರುತ್ತೇವೆ. ಅದನ್ನು ನೆಟ್ಟಗೆ ಹಿಡಿದು, ಎತ್ತಿನ ನಡಿಗೆಗೆ ಸರಿಯಾಗಿ ಒಂದೊಂದೇ ಕಾಳು ಉದುರಿಸಬೇಕು. ನಮ್ಮತ್ತೆ ಈ ಕೆಲಸ ಬೇರೆಯವರಿಗೆ ಕೊಡುವುದೇ ಇಲ್ಲ. "ಕೈ ತಪ್ಪಿದ್ರೆ ಒಂದ್ಕಡೆ ಗುಂಪು, ಇನ್ನೊಂದ್ಕಡೆ ಬೋಳು" ಅನ್ನುತ್ತಾರೆ. ಬದುವಿನ ಪಕ್ಕ ಸ್ವಲ್ಪ ಹುಚ್ಚೆಳ್ಳು ಹಾಕಿ. ಜೇನು ಬರುತ್ತವೆ, ಚಟ್ನಿಪುಡಿಗೂ ಆಯ್ತು.

20-25 ದಿನಕ್ಕೆ ಸಾಲಿನ ನಡುವೆ ಕಳೆ ತೆಗೆಯುವ ಕುಂಟೆ ಹೊಡೆಯಿರಿ. ಒತ್ತಾದ ಪೈರು ಕಿತ್ತು ಖಾಲಿ ಜಾಗಕ್ಕೆ ನೆಡಿ.

ನವೆಂಬರ್ ಹೊತ್ತಿಗೆ ರಾಗಿ ಕೊಯ್ಲು. ಕುಡುಗೋಲಲ್ಲೇ ಕೊಯ್ಯಿರಿ, ಅವರೆ ಬಳ್ಳಿ ತುಳಿಯಬೇಡಿ. ಮಷಿನ್ ಇಳಿಸಿದರೆ ಅವರೆಯೂ ಹೋಯ್ತು ಅಂತಲೇ ಲೆಕ್ಕ. ಮಳೆ ನಿಂತಿದ್ದರೂ ಮಣ್ಣಿನ ತೇವ, ಇಬ್ಬನಿ ನೆಚ್ಚಿಕೊಂಡು ಅದು ಕಾಯಿ ಕಟ್ಟುತ್ತದೆ. ಡಿಸೆಂಬರ್ ಕೊನೆಗೆ ಸೊಗಡಿನ ಕಾಯಿ ಕೀಳಬಹುದು. ಎಲ್ಲಾ ಸಾರಿಗೇ ಖಾಲಿ ಮಾಡಬೇಡಿ. ಚೆನ್ನಾಗಿ ಕಾಯಿ ಕಚ್ಚಿದ ಬಳ್ಳಿಗಳನ್ನು ಗುರುತು ಮಾಡಿ, ಗಿಡದಲ್ಲೇ ಒಣಗಿಸಿ ಬೀಜಕ್ಕೆ ಎತ್ತಿಡಿ.